ಮೊದಲ ಹತ್ತು

ಚೋಟಿ ನನ್ನ ನಾದಿನಿ. ಶಾಲೆಯ ದಾಖಲೆಯಲ್ಲಿ ಬೇರೆ ಹೆಸರಿದೆ. ಚೋಟುದ್ದ ಇದ್ದಾಳೆ ಅಂತ ಅವಳ ಅಣ್ಣ, ಅಂದರೆ ನನ್ನ ಗಂಡ, ಚಿಕ್ಕಂದಿನಲ್ಲಿ ಕರೆದದ್ದೇ ಉಳಿದುಕೊಂಡಿತು. ಅತ್ತಿಗೆ-ನಾದಿನಿ ಅಂದರೆ ಎಣ್ಣೆ-ಸೀಗೆಕಾಯಿ ಅಂತಾರಲ್ಲ, ನಾನು ಮದುವೆಯಾಗಿ ಬಂದ ಹೊಸತರಲ್ಲಿ ನಾವೂ ಹಾಗೇ ಇದ್ದೆವು. ಆಮೇಲೆ ಮುಂದಿನ ಕೋಣೆಯಲ್ಲಿ ನನ್ನ ಹೊಲಿಗೆ ಮಿಷನ್ನು, ಅವಳ ಕಂಪ್ಯೂಟರು ಎರಡನ್ನೂ ಇಟ್ಟ ಮೇಲೆ ಜಗಳ ಆಡುವುದಕ್ಕೆ ಜಾಗವೇ ಉಳಿಯಲಿಲ್ಲ. ಹಾಗಾಗಿ ಸ್ನೇಹಿತರಾದೆವು.

ನನಗೆ ಓದು ಅಷ್ಟಕ್ಕಷ್ಟೇ, ನಾಲಿಗೆ ಮಾತ್ರ ಉದ್ದ. ಅವಳು ತದ್ವಿರುದ್ಧ. ಕೇಳಿದ್ದಕ್ಕೆ ಉತ್ತರ ಕೊಡುತ್ತಾಳೆ, ಕೊಟ್ಟ ಉತ್ತರ ನಿಜವಾಗಿರುತ್ತದೆ. ನನ್ನ ಹೊಸ ರವಿಕೆ ಹೇಗಿದೆ ಅಂತ ಕೇಳಿದರೆ, ಭುಜದ ಹತ್ತಿರ ಎಳೆಯುತ್ತಿದೆ ಅತ್ತಿಗೆ ಅನ್ನುವ ಜಾತಿ. ಊರಿಗೆಲ್ಲ ಹೊಲಿದುಕೊಡುವ ನನಗೇ ಹಾಗೆ ಹೇಳಿದರೆ ಮೈ ಉರಿಯದೆ ಇರುತ್ತದೆಯೇ? ಬೈದುಕೊಳ್ಳುತ್ತಲೇ ಬಿಚ್ಚಿ ಮತ್ತೆ ಹೊಲಿಯುತ್ತಿದ್ದೆ. ಯಾಕೆಂದರೆ ನಿಜಕ್ಕೂ ಎಳೆಯುತ್ತಿರುತ್ತಿತ್ತು.

ಅವಳಿಗೆ ಕೆಲಸ ಇದ್ದದ್ದು ಲಿಫ್ಟ್ ಕಂಪನಿಯಲ್ಲಿ. ಲಿಫ್ಟು ಕೂರಿಸುವುದು, ಕೆಟ್ಟರೆ ರಿಪೇರಿ ಮಾಡುವುದು ಆ ಕಂಪನಿಯ ಕಸುಬು. ಮೆಕ್ಯಾನಿಕ್‌ಗಳು ಕಟ್ಟಡದಿಂದ ಕಟ್ಟಡಕ್ಕೆ ಹೋಗಿ, ಏನು ಕೆಟ್ಟಿತ್ತು, ಏನು ಮಾಡಿದೆವು ಅಂತ ಫೋನಿನಲ್ಲಿ ನಾಲ್ಕು ಸಾಲು ಬರೆದು ಕಳಿಸುತ್ತಾರೆ. ಹಾಗೆ ಬಂದ ಲಕ್ಷಗಟ್ಟಲೆ ಟಿಪ್ಪಣಿಗಳನ್ನೆಲ್ಲ ಒಂದು ಸರ್ಚ್ ಸರ್ವರ್‌ಗೆ ತುಂಬಿದ್ದರು. ಹುಡುಕಿಕೊಡುವುದೊಂದೇ ಅದರ ಕೆಲಸ. ಚೋಟಿ ಪೈಥಾನ್ ಅನ್ನುವ ಭಾಷೆಯಲ್ಲಿ ಪುಟ್ಟ ಪುಟ್ಟ ಸ್ಕ್ರಿಪ್ಟ್ ಬರೆದು ಅದಕ್ಕೆ ಪ್ರಶ್ನೆ ಕೇಳುತ್ತಿದ್ದಳು: ಯಾವ ಲಿಫ್ಟಿನ ಹಗ್ಗ ಸವೆದಿದೆ, ಯಾವುದರ ಬ್ರೇಕು ಸದ್ದು ಮಾಡುತ್ತಿದೆ, ಹೀಗೆ. ಬಂದ ಉತ್ತರವನ್ನು ಸೋಸಿ ಮೇಲಿನವರಿಗೆ ಕೊಡಬೇಕು. ಹೆಬ್ಬಾವಿನ ಹೆಸರಿನ ಭಾಷೆ ಕಲಿತವಳಿಗೆ ಗಂಡು ಹುಡುಕುವುದು ಹೇಗೆ ಅಂತ ನಮ್ಮತ್ತೆ ಸ್ವಲ್ಪ ದಿನ ಚಿಂತೆ ಮಾಡಿದರು.

ಆ ಸರ್ವರು ನಮ್ಮತ್ತೆಯ ಹಾಗೇ ಅಂತ ಚೋಟಿ ನನಗೆ ಗುಟ್ಟಾಗಿ ಹೇಳುತ್ತಿದ್ದಳು. ಕೇಳಿದ ಮಾತಿಗೆ ಮಾತ್ರ ಉತ್ತರ. ಅದರಲ್ಲೂ ಒಂದು ಬಿನ್ನಾಣವಿತ್ತು. ಇಂಥ ಮಾತಿರುವ ಟಿಪ್ಪಣಿ ಎಷ್ಟಿವೆ ಅಂದರೆ, ಐನೂರಿವೆ ಅಂತ ಲೆಕ್ಕ ಹೇಳುತ್ತದೆ. ಆದರೆ ಕೈಗೆ ಕೊಡುವುದು ಮೊದಲ ಹತ್ತನ್ನು ಮಾತ್ರ. ಉಳಿದವೂ ಬೇಕು ಅಂತ ಬಾಯಿಬಿಟ್ಟು ಕೇಳಬೇಕು. ಕೇಳದಿದ್ದರೆ ಹತ್ತು ಕೊಟ್ಟು ತೆಪ್ಪಗಿರುತ್ತದೆ.

ಕೆಲಸಕ್ಕೆ ಸೇರಿದ ಮೊದಲ ವರ್ಷ ಚೋಟಿ ಇದರಲ್ಲೇ ಎಡವಿದಳು. ಹಗ್ಗ ಬದಲಾಯಿಸಬೇಕಾದ ಲಿಫ್ಟುಗಳು ಯಾವುವು ಅಂತ ಕೇಳಿದ್ದರು. ಹತ್ತು ಬಂದವು, ಹತ್ತನ್ನೇ ಕೊಟ್ಟಳು. ಅಸಲಿಗೆ ಅದರ ನಾಲ್ಕು ಪಟ್ಟು ಇದ್ದವು. ಕಾಗದ ಮೇಲಕ್ಕೆ ಹೋಗುವ ಮುಂಚೆ ಅದನ್ನು ಹಿಡಿದವರು ಅವಳ ವಿಭಾಗದ ಮುಖ್ಯಸ್ಥರು. ಎಲ್ಲರೂ ಅವರನ್ನು ಸರ್ ಅನ್ನುತ್ತಿದ್ದರು, ಇವಳೊಬ್ಬಳು ಅಣ್ಣ ಅನ್ನುತ್ತಿದ್ದಳು. ಸ್ಕ್ರಿಪ್ಟ್ ಬರೆಯುವುದಕ್ಕೆ ಕಲಿಸಿದವರೂ ಅವರೇ. ಬಾಗಿಲು ಹಾಕಿಕೊಂಡು, ಪಕ್ಕದಲ್ಲಿ ಕೂತು, ಎಲ್ಲಿ ತಪ್ಪಾಯಿತು ಅಂತ ತೋರಿಸಿದರಂತೆ. ಬೈಯಲಿಲ್ಲ. ಇದು ನಮ್ಮಿಬ್ಬರಲ್ಲೇ ಇರಲಿ, ಯಾರಿಗೂ ಹೇಳಬೇಡ, ನಾನೂ ಹೇಳುವುದಿಲ್ಲ ಅಂದರಂತೆ.

ಆವತ್ತು ಸಂಜೆ ಅವಳು ನನ್ನ ಮಿಷನ್ನಿನ ಪಕ್ಕದಲ್ಲಿ ಬಟ್ಟೆ ರಾಶಿಯ ಮೇಲೆ ಕೂತು ಅತ್ತದ್ದು ನನಗೆ ಚೆನ್ನಾಗಿ ನೆನಪಿದೆ. ಹೆದರಿಕೆಗಲ್ಲ, ಋಣಕ್ಕೆ. ನನ್ನ ತಪ್ಪನ್ನು ಹೊಟ್ಟೆಗೆ ಹಾಕಿಕೊಂಡರು ಅತ್ತಿಗೆ, ಬೇರೆಯವರಾಗಿದ್ದರೆ ಮನೆಗೆ ಕಳಿಸುತ್ತಿದ್ದರು ಅಂದಳು. ಆಮೇಲೆ ತನ್ನ ಎಲ್ಲ ಸ್ಕ್ರಿಪ್ಟಿಗೂ ಒಂದು ಸಾಲು ಸೇರಿಸಿದಳು. ಸರ್ವರು ಹೇಳಿದ ಲೆಕ್ಕ, ಕೈಗೆ ಬಂದ ಲೆಕ್ಕ ಎರಡೂ ತಾಳೆಯಾಗದಿದ್ದರೆ ಸ್ಕ್ರಿಪ್ಟು ಅಲ್ಲೇ ನಿಂತುಬಿಡುವ ಹಾಗೆ. ಹೊಲಿಯುವ ಮುಂಚೆ ಎರಡು ಸಲ ಅಳೆಯುವವಳು ನಾನು, ಆ ಬುದ್ಧಿ ನನಗೆ ಹಿಡಿಸಿತು.

ಅಂದಿನಿಂದ ಮನೆಯಲ್ಲಿ ಬರೀ ಅಣ್ಣನ ಜಪ. ಅಣ್ಣ ಹೀಗಂದರು, ಅಣ್ಣ ಹಾಗಂದರು. ಬಸ್ ಓಡಿಸಿ ದಣಿದು ಬಂದ ನನ್ನ ಗಂಡ, ಒಡಹುಟ್ಟಿದ ಅಣ್ಣ ಒಬ್ಬ ಇಲ್ಲಿದ್ದಾನೆ, ಅವನಿಗೂ ಒಂದು ಲೋಟ ಕಾಫಿ ಸಿಗುತ್ತೋ ಹೇಗೆ ಅಂತ ಕೇಳುತ್ತಿದ್ದ. ನಾವು ನಗುತ್ತಿದ್ದೆವು. ಆ ಮನುಷ್ಯ ಒಂದೆರಡು ಸಲ ಮನೆಗೂ ಬಂದಿದ್ದರು. ಮೆತ್ತನೆಯ ಮಾತು, ಇಸ್ತ್ರಿ ಮುರಿಯದ ಅಂಗಿ. ಯಾರ ಮೇಲೂ ಒಮ್ಮೆಯೂ ರೇಗಿದವರಲ್ಲವಂತೆ. ನನ್ನ ಗಂಡ ದಿನಕ್ಕೆರಡು ಸಲ ರೇಗುತ್ತಾನೆ, ಅವನ ಹೊಟ್ಟೆಯಲ್ಲಿ ಏನಿದೆ ಅಂತ ನನಗೆ ಗೊತ್ತಿರುತ್ತದೆ. ಇವರ ಹೊಟ್ಟೆಯಲ್ಲಿ ಏನಿದೆ ಅಂತ ಯಾರಿಗೂ ಗೊತ್ತಿರಲಿಲ್ಲ. ಆಗ ಹಾಗೆ ಅನ್ನಿಸಿತ್ತು ಅಂತ ಹೇಳಿದರೆ ಸುಳ್ಳಾಗುತ್ತದೆ. ಆಗ ನನಗೂ ದೇವರಂಥ ಮನುಷ್ಯ ಅಂತಲೇ ಅನ್ನಿಸಿತ್ತು.

ಚೋಟಿಗೆ ಒಂದು ಅಭ್ಯಾಸವಿತ್ತು. ಮಧ್ಯಾಹ್ನದ ಊಟದ ಡಬ್ಬಿ ಹಿಡಿದುಕೊಂಡು ಆಫೀಸಿನ ಹಿಂದಿನ ಶೆಡ್ಡಿಗೆ ಹೋಗಿ ಮೆಕ್ಯಾನಿಕ್‌ಗಳ ಜೊತೆ ಕೂತು ತಿನ್ನುತ್ತಿದ್ದಳು. ಹೆಣ್ಣುಮಗಳಿಗೆ ಶೆಡ್ಡಿನಲ್ಲೇನು ಕೆಲಸ ಅಂತ ಆಫೀಸಿನವರು ಮೂಗು ಮುರಿಯುತ್ತಿದ್ದರು. ಅವಳಿಗೆ ಅಲ್ಲಿ ಬೇಕಾಗಿದ್ದದ್ದು ಮಾತು. ಒಂದೇ ತೊಂದರೆಯನ್ನು ಒಬ್ಬೊಬ್ಬ ಮೆಕ್ಯಾನಿಕ್ ಒಂದೊಂದು ಥರ ಬರೆಯುತ್ತಾನೆ. ಅವರು ಏನನ್ನು ಏನಂತ ಕರೆಯುತ್ತಾರೆ ಅಂತ ತಿಳಿಯದೆ ಸರ್ವರನ್ನು ಕೇಳಿದರೆ, ಅದು ಇಲ್ಲ ಅನ್ನುತ್ತದೆ. ಒಂದು ದಿನ ಇಬ್ಬರು ಮೆಕ್ಯಾನಿಕ್‌ಗಳು ಊಟ ಮಾಡುತ್ತಾ, ಇವತ್ತು ನಿನಗೆಷ್ಟು ಕಚ್ಚುವ ಬಾಗಿಲು ಸಿಕ್ಕವು ಅಂತ ಒಬ್ಬರಿಗೊಬ್ಬರು ತಮಾಷೆ ಮಾಡುತ್ತಿದ್ದರಂತೆ. ಅದೇನು ಅಂತ ಇವಳು ಕೇಳಿದಳು. ಲಿಫ್ಟಿನ ಬಾಗಿಲಿಗೆ ಒಂದು ಸೆನ್ಸರ್ ಇರುತ್ತದೆ, ನಡುವೆ ಮನುಷ್ಯರಿದ್ದರೆ ಅದು ಬಾಗಿಲನ್ನು ತಡೆಯುತ್ತದೆ. ಅದು ತಡೆಯದೆ ಬಾಗಿಲು ಬಂದು ಮೈಗೆ ಬಡಿದರೆ, ಅವರ ಭಾಷೆಯಲ್ಲಿ ಬಾಗಿಲು ಕಚ್ಚಿತು ಅಂತ.

ಅನ್ನ ಅರ್ಧಕ್ಕೇ ಬಿಟ್ಟು ಬಂದು ಹುಡುಕಿದಳು. ಸೆನ್ಸರ್ ದೋಷ ಅಂತ ಕೇಳಿದಾಗ ಬೆರಳೆಣಿಕೆಯಷ್ಟು ಸಿಕ್ಕಿದ್ದ ಟಿಪ್ಪಣಿಗಳು, ಕಚ್ಚುತ್ತೆ, ಕಚ್ಚಿತು, ಕಚ್ಚುವ ಬಾಗಿಲು ಅಂತ ಕೇಳಿದಾಗ ಮುನ್ನೂರು ದಾಟಿದವು. ಬಹುಪಾಲು ಒಂದೇ ಮಾದರಿಯ ಬಾಗಿಲು, ಇತ್ತೀಚೆಗೆ ಕೂರಿಸಿದ್ದು. ಓಡಿಹೋಗಿ ಅಣ್ಣನಿಗೆ ಹೇಳಿದಳು. ಅವರು, ನನ್ನ ಕಂಪ್ಯೂಟರಿನಲ್ಲೇ ಇನ್ನೊಮ್ಮೆ ಟೈಪ್ ಮಾಡಿ ಓಡಿಸು, ನೋಡೋಣ ಅಂದರು. ಓಡಿಸಿದಳು. ಅವರು ಕೊನೆಯ ಸಾಲಿನವರೆಗೆ ನಿಧಾನವಾಗಿ ಓದಿದರಂತೆ. ಓದಿ, ಭಲೇ ಅಂದರಂತೆ. ಇಂಥದ್ದು ಮೇಲ್‌ನಲ್ಲಿ ಓಡಾಡುವುದು ಬೇಡ, ನಾನೇ ಖುದ್ದಾಗಿ ಮೇಲಿನವರಿಗೆ ತಲುಪಿಸುತ್ತೇನೆ ಅಂದರಂತೆ.

ಆವತ್ತು ಮನೆಗೆ ಐಸ್‌ಕ್ರೀಮ್ ಬಂತು. ಯಾಕೆ ಅಂತ ನಮ್ಮತ್ತೆ ಕೇಳಿದರೆ, ಇವತ್ತು ನಾನು ಸಂಬಳಕ್ಕೆ ತಕ್ಕ ಕೆಲಸ ಮಾಡಿದೆ ಅಮ್ಮ ಅಂದಳು. ಆಮೇಲೆ ಎರಡು ಸಲ ಅಣ್ಣನನ್ನು ಏನಾಯಿತು ಅಂತ ವಿಚಾರಿಸಿದಳು. ಮೇಲೆ ಹೋಗಿದೆ, ನೋಡುತ್ತಿದ್ದಾರೆ ಅನ್ನುವ ಉತ್ತರ ಬಂತು. ಅಣ್ಣ ಹೇಳಿದ ಮೇಲೆ ಮುಗಿಯಿತು, ಮೂರನೆಯ ಸಲ ಕೇಳಲಿಲ್ಲ. ಅದೇ ಸಮಯದಲ್ಲಿ ಒಂದು ದೊಡ್ಡ ವಸತಿ ಸಮುಚ್ಚಯಕ್ಕೆಲ್ಲ ಅದೇ ಬಾಗಿಲಿನ ಲಿಫ್ಟು ಹಾಕುವ ಮಾತುಕತೆ ನಡೆಯುತ್ತಿತ್ತು. ಅದು ಕುದುರಿದರೆ ಶಾಖೆಯ ಮುಖ್ಯಸ್ಥನ ಕುರ್ಚಿ ಅಣ್ಣನಿಗೆ ಅಂತ ಆಫೀಸಿನಲ್ಲಿ ಎಲ್ಲರೂ ಹೇಳುತ್ತಿದ್ದರು. ಎರಡನ್ನೂ ಕೂಡಿಸಿ ನೋಡುವ ಬುದ್ಧಿ ಚೋಟಿಗೆ ಬರಲಿಲ್ಲ. ಬಂದಿದ್ದರೆ ಅವಳು ಚೋಟಿ ಆಗಿರುತ್ತಿರಲಿಲ್ಲ.

ಎರಡು ತಿಂಗಳು ಕಳೆದ ಮೇಲೆ ಆ ಬಾಗಿಲು ಒಬ್ಬರನ್ನು ನಿಜವಾಗಿಯೇ ಕಚ್ಚಿತು. ನಿವೃತ್ತರಾದ ನರ್ಸಮ್ಮ, ಅವರಿಗೆ ಒಬ್ಬಳೇ ಮಗಳು. ತರಕಾರಿ ಚೀಲ ಹಿಡಿದು ಒಳಗೆ ಕಾಲಿಡುವಾಗ ಬಾಗಿಲು ಬಂದು ಬಡಿಯಿತು, ಬಿದ್ದರು, ಸೊಂಟದ ಮೂಳೆ ಮುರಿಯಿತು. ಇನ್ನು ಮೇಲೆ ಆಸರೆಯಿಲ್ಲದೆ ನಡೆಯಲಾರರು ಅಂತ ಡಾಕ್ಟರು ಹೇಳಿದರು.

ಸುದ್ದಿ ಕೇಳಿ ಚೋಟಿ ಮಧ್ಯಾಹ್ನವೇ ಮನೆಗೆ ಬಂದಳು. ಚಪ್ಪಲಿ ಬಿಡುವುದನ್ನೂ ಮರೆತು ಕೋಣೆಗೆ ಬಂದು ನಿಂತಳು.

"ಅತ್ತಿಗೆ, ಅದೇ ಬಾಗಿಲು. ನಾನು ಹೇಳಿದ್ದೆ ಅಲ್ವಾ? ಹೇಳಿದ್ದೆ ತಾನೆ?"

ಹೇಳಿದ್ದೆ ಕಣೇ, ಐಸ್‌ಕ್ರೀಮ್ ತಿಂದದ್ದು ನನಗೇ ನೆನಪಿದೆ ಅಂದೆ. ಹೇಳಿದ್ದರೂ ಯಾಕೆ ಸರಿ ಮಾಡಲಿಲ್ಲ, ಮೇಲಿನವರು ಯಾಕೆ ಸುಮ್ಮನಿದ್ದರು ಅಂತ ಅವಳಿಗೆ ಸಿಟ್ಟು. ಪಾಪ, ಅಣ್ಣನಿಗೂ ಎಷ್ಟು ಸಂಕಟವಾಗಿರಬೇಕು, ಅಷ್ಟು ಹೇಳಿದರೂ ಅವರ ಮಾತು ಯಾರೂ ಕೇಳಲಿಲ್ಲವಲ್ಲ ಅಂತ ಮರುಗಿದಳು. ಈಗ ಅದನ್ನು ನೆನೆಸಿಕೊಂಡರೆ ನನ್ನ ರಕ್ತ ಕುದಿಯುತ್ತದೆ.

ವಿಚಾರಣೆ ಇಟ್ಟರು. ಹೊರಗಿನಿಂದ ಸುರಕ್ಷತೆಯ ಅಧಿಕಾರಿಯೊಬ್ಬರು ಬರುತ್ತಾರೆ, ನರ್ಸಮ್ಮನ ಮಗಳೂ ಇರುತ್ತಾಳೆ ಅಂದರು. ಹಿಂದಿನ ದಿನ ಬೆಳಿಗ್ಗೆ ಅಣ್ಣ ನಮ್ಮ ಮನೆಗೆ ಬಂದರು. ಬಟ್ಟೆ ಸರಿಸಿ ಕುರ್ಚಿ ಕೊಟ್ಟೆ, ಕಾಫಿ ಕೊಟ್ಟೆ. ಕುಡಿದು, ಚೆನ್ನಾಗಿದೆ ಅಂತ ಹೊಗಳಿದರು. ಚೋಟಿಗೆ ಹೇಳಿದ್ದು ಇಷ್ಟೇ: ನಾಳೆ ನೀನು ಗಾಬರಿಯಾಗಬೇಡ, ಜಾಸ್ತಿ ಮಾತಾಡಬೇಡ, ಕೇಳಿದ್ದಕ್ಕೆ ನಿಜ ಹೇಳು, ಉಳಿದದ್ದು ನಾನು ನೋಡಿಕೊಳ್ಳುತ್ತೇನೆ. ಅವರು ಹೋದ ಮೇಲೆ ಚೋಟಿ ಹೊಟ್ಟೆ ತುಂಬ ಉಂಡಳು. ಎರಡು ದಿನದಿಂದ ಸರಿಯಾಗಿ ಉಂಡಿರಲಿಲ್ಲ.

ಜೊತೆಗೆ ಮನೆಯವರೊಬ್ಬರು ಬರಬಹುದು ಅಂದಿದ್ದರಿಂದ ನಾನೂ ಹೋದೆ. ಉದ್ದನೆಯ ಮೇಜು, ಗೋಡೆಯ ಮೇಲೆ ಕಂಪನಿಯ ಬಹುಮಾನಗಳು, ಮುಚ್ಚಿದ ಕಿಟಕಿಗಳು. ನಡುವೆ ಕೂತಿದ್ದ ಸುರಕ್ಷತೆಯ ಅಧಿಕಾರಿ ಕನ್ನಡಕ ಹಾಕಿದ್ದ ಹೆಂಗಸು, ಮುಖದಲ್ಲಿ ನಗುವಿರಲಿಲ್ಲ, ಆದರೆ ಕೆಟ್ಟವರ ಹಾಗೆ ಕಾಣಲಿಲ್ಲ. ಮೂಲೆಯ ಕುರ್ಚಿಯಲ್ಲಿ ನರ್ಸಮ್ಮನ ಮಗಳು, ಆಸ್ಪತ್ರೆಯಿಂದ ನೇರವಾಗಿ ಬಂದವಳ ಹಾಗೆ ಕೂದಲು ಕೆದರಿತ್ತು. ನಾನು ಗೋಡೆಯ ಪಕ್ಕ ಕೂತೆ.

ಈ ಬಾಗಿಲಿನ ಬಗ್ಗೆ ಮೊದಲೇ ದೂರುಗಳಿದ್ದದ್ದು ನಿಮಗೆ ಗೊತ್ತಿತ್ತೇ ಅಂತ ಅಧಿಕಾರಿ ಅಣ್ಣನನ್ನು ಕೇಳಿದರು. ಗೊತ್ತಿತ್ತು ಅಂದರು ಅಣ್ಣ. ವರದಿ ಬಂದಿತ್ತು, ಅದರಲ್ಲಿ ಹತ್ತು ದೂರುಗಳಿದ್ದವು, ನಮ್ಮದು ಸಾವಿರಾರು ಲಿಫ್ಟು, ಹತ್ತು ಅಂದರೆ ಮಾಮೂಲಿ ಅಂದುಕೊಂಡೆವು. ಹಾಗಂದು ತಲೆ ತಗ್ಗಿಸಿದರು. ತಪ್ಪು ನನ್ನದು ಮೇಡಂ, ಚಿಕ್ಕ ಹುಡುಗಿಯ ಕೆಲಸವನ್ನು ನಾನು ಇನ್ನೊಮ್ಮೆ ನೋಡಬೇಕಾಗಿತ್ತು ಅಂದರು.

ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ತೆಗೆದರು. ಒಂದು ಕ್ಷಣ ನನಗೇ ಅರ್ಥವಾಗಲಿಲ್ಲ. ಚೋಟಿಗಂತೂ ಅರ್ಥವಾಗಲೇ ಇಲ್ಲ. ಇಲ್ಲ ಅಣ್ಣ, ಮುನ್ನೂರಕ್ಕೂ ಹೆಚ್ಚಿದ್ದವು, ನೀವೇ ಕೊನೆಯವರೆಗೆ ಓದಿದಿರಿ ಅಂತ ಮರೆತವರಿಗೆ ನೆನಪಿಸುವ ಹಾಗೆ ಹೇಳಿದಳು. ಅವರು ಅವಳ ಕಡೆ ಕರುಣೆಯಿಂದ ನೋಡಿದರು.

ಮುನ್ನೂರು ಕೊಟ್ಟಿದ್ದಕ್ಕೆ ಏನಾದರೂ ಗುರುತಿದೆಯೇ ಅಂತ ಅಧಿಕಾರಿ ಕೇಳಿದರು. ಮೇಲ್ ಕಳಿಸಿರಲಿಲ್ಲ. ತಾನು ಮೊದಲು ಹುಡುಕಿದ್ದನ್ನು ಉಳಿಸಿಟ್ಟುಕೊಂಡಿರಲಿಲ್ಲ, ಅವರಿಗೆ ತೋರಿಸಿದ್ದು ಅವರ ಕಂಪ್ಯೂಟರಿನಲ್ಲೇ ಓಡಿಸಿ. ಹಳೆಯ ಪ್ರಶ್ನೆಗಳನ್ನು ಸರ್ವರು ಒಂದು ತಿಂಗಳಿಗಿಂತ ಹೆಚ್ಚು ಇಟ್ಟುಕೊಳ್ಳುವುದಿಲ್ಲ. ಇವತ್ತು ಕೇಳಿದರೆ ಮುನ್ನೂರು ಬರುತ್ತವೆ, ನಿಜ, ಆದರೆ ಆವತ್ತು ಎಷ್ಟು ಕೊಟ್ಟಳು ಅನ್ನುವುದಕ್ಕೆ ಅದು ಸಾಕ್ಷಿಯಾಗುವುದಿಲ್ಲ. ಆಗ ಚೋಟಿ ತನ್ನ ಆ ಸಾಲಿನ ವಿಷಯ ಹೇಳಿದಳು. ನನ್ನ ಸ್ಕ್ರಿಪ್ಟು ಹತ್ತಕ್ಕೆ ನಿಲ್ಲುವುದು ಸಾಧ್ಯವೇ ಇಲ್ಲ ಮೇಡಂ, ಲೆಕ್ಕ ತಾಳೆಯಾಗದಿದ್ದರೆ ತಪ್ಪು ಅಂತ ಹೇಳಿ ನಿಂತುಬಿಡುತ್ತದೆ, ಎಲ್ಲದರಲ್ಲೂ ಆ ಸಾಲು ಹಾಕಿದ್ದೇನೆ ಅಂದಳು. ಅಪಘಾತ ಆದ ಮೇಲೂ ಅದನ್ನು ಸೇರಿಸಬಹುದಲ್ಲ ಅಂದರು ಅಧಿಕಾರಿ.

ಅಣ್ಣ ಕೈ ಎತ್ತಿದರು. ಇಲ್ಲ ಮೇಡಂ, ಅವಳು ಸುಳ್ಳು ಹೇಳುವವಳಲ್ಲ, ಆ ಸಾಲು ಹಳೆಯದೇ, ನನಗೆ ಗೊತ್ತು ಅಂದರು. ನನಗೆ ಹೋದ ಜೀವ ಬಂದ ಹಾಗಾಯಿತು. ಚೋಟಿಯ ಮುಖವೂ ಅರಳಿತು. ನೋಡಿಕೊಳ್ಳುತ್ತೇನೆ ಅಂದಿದ್ದರಲ್ಲ, ಈಗ ನೋಡಿಕೊಳ್ಳುತ್ತಾರೆ ಅಂದುಕೊಂಡಳೇನೋ.

ಅವರು ಅವಳ ಕಡೆ ತಿರುಗಿದರು. ದನಿ ಎಂದಿನ ಹಾಗೇ ಮೆತ್ತಗಿತ್ತು.

"ಆ ಸಾಲು ಯಾಕೆ ಸೇರಿಸ್ದೆ ಅಂತ ಮೇಡಂಗೆ ಹೇಳಮ್ಮ."

ಕೋಣೆಯಲ್ಲಿ ಎಲ್ಲರೂ ಅವಳನ್ನೇ ನೋಡಿದರು. ಅವಳು ಅವರನ್ನು ನೋಡಿದಳು. ಅವಳ ಮುಖದಲ್ಲಿ ಆಗ ಏನಾಯಿತು ಅಂತ ಹೇಳುವುದಕ್ಕೆ ನನಗೆ ಬರುವುದಿಲ್ಲ. ನಾನು ಅವಳ ಅಪ್ಪ ತೀರಿಕೊಂಡಾಗಲೂ ಪಕ್ಕದಲ್ಲಿದ್ದವಳು, ಆಗಲೂ ಅವಳ ಮುಖ ಹಾಗಾಗಿರಲಿಲ್ಲ. ಮುಚ್ಚಿದ ಬಾಗಿಲ ಹಿಂದೆ ಅವರಿಬ್ಬರ ನಡುವೆ ನಡೆದ ಮಾತು ಅದು. ಅಷ್ಟು ವರ್ಷ ಅದನ್ನು ಅವರು ಜೋಪಾನವಾಗಿ ಕಾಪಾಡಿದ್ದರು ಅಂತ ಅವಳು ತಿಳಿದಿದ್ದಳು. ಕಾಪಾಡಿದ್ದೇನೋ ಹೌದು. ಬೇಲಿಯೇ ಎದ್ದು ಹೊಲ ಮೇಯುವುದು ಅಂದರೆ ಏನು ಅಂತ ಗಾದೆಯಲ್ಲಿ ಕೇಳಿದ್ದೆ, ಕಣ್ಣಾರೆ ನೋಡಿದ್ದು ಅವತ್ತು.

ಸುಳ್ಳು ಹೇಳೇ, ಸುಮ್ಮನೆ ಸೇರಿಸಿದೆ ಅನ್ನು, ಯಾವುದೋ ಪುಸ್ತಕದಲ್ಲಿತ್ತು ಅನ್ನು ಅಂತ ನಾನು ಮನಸ್ಸಿನಲ್ಲೇ ಬಡಿದುಕೊಂಡೆ. ಅವಳಿಗೆ ಸುಳ್ಳು ಬರುವುದಿಲ್ಲ ಅಂತ ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

"ಮೊದಲ ವರ್ಷ ಒಂದ್ಸಲ ಹತ್ತೇ ಇರೋದು ಅಂದ್ಕೊಂಡು ಕೊಟ್ಟುಬಿಟ್ಟಿದ್ದೆ, ಸರ್" ಅಂದಳು.

ಅವರನ್ನು ಅವಳು ಸರ್ ಅಂದದ್ದು ಅದೇ ಮೊದಲು.

ಅಲ್ಲಿಗೆ ಆಟ ಮುಗಿಯಿತು. ಮೇಡಂ, ಆವತ್ತು ಅವಳು ನನ್ನ ಕಂಪ್ಯೂಟರಿನಲ್ಲಿ ಆತುರದಲ್ಲಿ ಹೊಸದಾಗಿ ಟೈಪ್ ಮಾಡಿದಳು, ಆ ಸಾಲು ಬಿಟ್ಟುಹೋಗಿರಬೇಕು, ಹಳೆಯ ತಪ್ಪು ಮತ್ತೆ ಆಗಿದೆ, ಹುಡುಗಿ ಒಳ್ಳೆಯವಳು, ದಯವಿಟ್ಟು ಕಠಿಣವಾಗಿ ನೋಡಬೇಡಿ ಅಂತ ಅವರು ಅವಳ ಪರವಾಗಿ ಬೇಡಿಕೊಂಡರು. ಗೂಬೆಯನ್ನು ಅವಳ ತಲೆಯ ಮೇಲೆ ಕೂರಿಸಿ, ಅವಳ ತಲೆಯನ್ನೂ ಅವರೇ ಸವರಿದರು. ಮುನ್ನೂರು ಮುನ್ನೂರು ಅಂತ ಚೋಟಿ ಇನ್ನೂ ಎರಡು ಸಲ ಅಂದಳು. ಅಧಿಕಾರಿ ಏನೋ ಬರೆದುಕೊಳ್ಳುತ್ತಿದ್ದರು, ತಲೆ ಎತ್ತಲಿಲ್ಲ. ನಾನು ಎದ್ದು ನಿಂತು, ಆ ಮನುಷ್ಯ ನಿನ್ನೆ ನಮ್ಮ ಮನೆಗೆ ಬಂದು ಕಾಫಿ ಕುಡಿದು ಹೋದ ಅಂತ ಕೂಗಿದೆ. ನನ್ನನ್ನು ಹೊರಗೆ ಕಳಿಸಿದರು.

ಆ ಬಾಗಿಲುಗಳನ್ನೆಲ್ಲ ನಿಲ್ಲಿಸಿ ಸರಿ ಮಾಡಬೇಕು ಅಂತ ಅಧಿಕಾರಿ ಆದೇಶ ಮಾಡಿದರು. ಅಷ್ಟು ಒಳ್ಳೆಯದಾಯಿತು ಅಂತ ಚೋಟಿ ಈಗಲೂ ಹೇಳುತ್ತಾಳೆ. ಅವಳಿಗೆ ತಾನಾಗಿಯೇ ರಾಜೀನಾಮೆ ಕೊಡುವುದಕ್ಕೆ ಹೇಳಿದರು, ಹಾಗೆ ಮಾಡಿದರೆ ಮುಂದೆ ಬೇರೆ ಕಡೆ ಕೆಲಸ ಸಿಗುವುದು ಸುಲಭವಂತೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ, ಇನ್ನು ರಾಜೀನಾಮೆ ಕೊಟ್ಟರೆ ಬರುತ್ತದೆಯೇ? ಅವಳು ಹೊರಗೆ ಬಂದಾಗ ಕಣ್ಣು ಒಣಗಿತ್ತು. ನಾನು ಅಳುತ್ತಿದ್ದೆ. ಬನ್ನಿ ಅತ್ತಿಗೆ, ಮನೆಗೆ ಹೋಗೋಣ ಅಂದಳು.

ಅಷ್ಟರಲ್ಲಿ ನರ್ಸಮ್ಮನ ಮಗಳು ಹಿಂದಿನಿಂದ ಬಂದು ಚೋಟಿಯ ಕೈ ಹಿಡಿದಳು. ಬೈಯುತ್ತಾಳೆ ಅಂತ ನಾನು ಅಡ್ಡ ನಿಂತೆ. ಬೈಯಲಿಲ್ಲ.

"ಅಮ್ಮ ಹೇಳಿ ಕಳಿಸಿದಾರೆ, ಯಾರದೇ ತಪ್ಪಾಗಿದ್ರೂ ಕೂಗಾಡಬೇಡ ಅಂತ. ಅಮ್ಮನೂ ಹಿಂದೆ ಡ್ಯೂಟೀಲಿ ತಪ್ಪು ಮಾಡಿದವರೇ ಅಂತೆ. ನಿಮ್ಮನ್ನ ಕ್ಷಮಿಸಿದೀವಿ. ಮನಸ್ಸಿಗೆ ಹಚ್ಕೋಬೇಡಿ."

ಒಳಗೆ ಒಂದು ಹನಿ ಕಣ್ಣೀರು ಹಾಕದ ಚೋಟಿ ಆಗ ಅತ್ತುಬಿಟ್ಟಳು. ಆ ಹುಡುಗಿಯ ಎರಡೂ ಕೈ ಬಿಗಿಯಾಗಿ ಹಿಡಿದುಕೊಂಡಳು.

"ದಯವಿಟ್ಟು ಕ್ಷಮಿಸಬೇಡಿ. ನನ್ನ ಕ್ಷಮಿಸಿದ್ರೆ ಇದು ಇಲ್ಲಿಗೇ ಮುಗಿದುಹೋಗತ್ತೆ."

ಆ ಹುಡುಗಿಗೆ ಏನೂ ಅರ್ಥವಾಗಲಿಲ್ಲ. ಪಶ್ಚಾತ್ತಾಪದಲ್ಲಿ ಹೀಗೆ ಮಾತಾಡುತ್ತಿದ್ದಾಳೆ ಅಂದುಕೊಂಡಳೋ ಏನೋ, ಚೋಟಿಯ ಭುಜ ತಟ್ಟಿ ಕೈ ಬಿಡಿಸಿಕೊಂಡಳು. ಆಮೇಲೆ ವಿಚಾರಣೆಯ ಕೋಣೆಯಿಂದ ಆಗತಾನೆ ಹೊರಗೆ ಬರುತ್ತಿದ್ದ ಆ ಮನುಷ್ಯನ ಹತ್ತಿರ ಹೋಗಿ, ನಮ್ಮ ಕಣ್ಣೆದುರಿಗೇ, ನಿಜ ಹೇಳಿದ್ದಕ್ಕೆ ಥ್ಯಾಂಕ್ಸ್ ಸರ್ ಅಂದಳು.